ಬಾಗಿಲು ಕೂರಿಸಿದವರು ಕೂರುವ ಹೊತ್ತು

ಹೊಸ ಕಟ್ಟಡದ ಮೂರನೆಯ ಅಂತಸ್ತಿನ ಕಾರಿಡಾರಿನಲ್ಲಿ ಒಂದು ಬಾಗಿಲು ಗೋಡೆಗೆ ಒರಗಿ ನಿಂತಿದೆ. ಇನ್ನೂ ಬಣ್ಣ ಕಾಣದ ಮರ. ಮೈತುಂಬ ತಿಳಿಗಂದು ಎಳೆಗಳು. ಎದೆಮಟ್ಟದಲ್ಲಿ ಒಂದು ಗಂಟು, ಕೊಳಕ್ಕೆ ಬಿದ್ದ ಕಲ್ಲಿನ ಸುತ್ತ ಅಲೆಗಳು ಹಾಗೇ ಹೆಪ್ಪುಗಟ್ಟಿದಂತೆ. ಪಕ್ಕದಲ್ಲಿ ಅದಕ್ಕಾಗಿ ಕಾದಿರುವ ಚೌಕಟ್ಟು. ಚೌಕಟ್ಟಿನಾಚೆ ಖಾಲಿ ಕೋಣೆ, ಕೋಣೆಯಾಚೆ ಗಾಜಿಲ್ಲದ ಕಿಟಕಿ, ಕಿಟಕಿಯಾಚೆ ಬೆಳಗಾಗಲೋ ಬೇಡವೋ ಎಂದು ಅನುಮಾನಿಸುತ್ತಿರುವ ಆಕಾಶ. ನೆಲದ ಮೇಲೆ ಮರದ ಸಿಪ್ಪೆಯ ಸುರುಳಿಗಳು, ಒಂದೂ ಅಲುಗುತ್ತಿಲ್ಲ. ಬಾಗಿಲಿಗೂ ಚೌಕಟ್ಟಿಗೂ ನಡುವೆ ನರೆತ ತಲೆಯ ಒಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬಲಗೈ ತೊಡೆಯ ಮೇಲಿದೆ. ಎಡ ಅಂಗೈಯನ್ನು, ಜ್ವರ ಬಂದ ಮಗುವಿನ ಹಣೆ ಮುಟ್ಟುವವರಂತೆ, ಮರದ ಮೇಲಿಟ್ಟಿದ್ದಾರೆ.

ಆಮೇಲೆ ಚಿತ್ರ ಅಲುಗುತ್ತದೆ. ಅವರು ಎದ್ದು ಬಾಗಿಲಿಗೆ ಎಡಭುಜ ಕೊಡುತ್ತಾರೆ, ಅಡಿಯಲ್ಲಿ ಬೆಣೆಯಿಟ್ಟು ಕಾಲಿನಿಂದ ಮೀಟುತ್ತಾರೆ, ಕೀಲುಗಳನ್ನು ಚೌಕಟ್ಟಿಗೆ ಹೊಂದಿಸಿ ಸ್ಕ್ರೂ ತಿರುಗಿಸುತ್ತಾರೆ. ಮುಚ್ಚಿ ನೋಡುತ್ತಾರೆ. ತೆಗೆದು ಸಂದನ್ನು ನೋಡುತ್ತಾರೆ. ಒಂದಿಷ್ಟು ಉಜ್ಜುಗೊರಡು ಆಡಿಸಿ ಮತ್ತೆ ಮುಚ್ಚುತ್ತಾರೆ. ಕೊನೆಗೆ ಅರ್ಧ ತೆರೆದು, ಕೈಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಾಗಿಲು ಬಿಟ್ಟಲ್ಲೇ ನಿಲ್ಲುತ್ತದೆ.

"ಕೂತ್ಕೊಂಡ್ತು," ಎನ್ನುತ್ತಾರೆ, ಯಾರಿಗೂ ಅಲ್ಲ.

ಈ ಕಸುಬಿನಲ್ಲಿ ಬಾಗಿಲನ್ನು ಹಾಕುವುದಿಲ್ಲ, ಜೋಡಿಸುವುದಿಲ್ಲ, ಕೂರಿಸುತ್ತಾರೆ. "ಬಡಿಯೋದು ಯಾರು ಬೇಕಾದ್ರೂ ಬಡೀತಾರೆ. ಕೂರಿಸೋದು ಬೇರೆ. ಅರ್ಧ ತೆಗೆದು ಕೈಬಿಟ್ರೆ ಬಿಟ್ಟ ಕಡೇನೇ ನಿಲ್ಬೇಕು. ತಾನಾಗೇ ಹಿಂದಕ್ಕೆ ಬರೋದು, ಮುಂದಕ್ಕೆ ಹೋಗೋದು ಮಾಡಿದ್ರೆ ಅದು ಬಾಗಿಲಲ್ಲ, ಕುಡುಕ."

ಕಟ್ಟಡದ ಕೆಲಸಗಾರರ ಬಾಯಲ್ಲಿ ಇವರು ಬಾಗಿಲಣ್ಣ. ಆಸ್ಪತ್ರೆಯ ವಾರ್ಡುಗಳಿಗೆ, ಶಾಲೆಯ ಕೋಣೆಗಳಿಗೆ, ಮದುವೆಯಾದ ಹೊಸತರಲ್ಲಿ ಜನ ಸಾಲ ಮಾಡಿ ಕೊಂಡ ಪುಟ್ಟ ಮನೆಗಳಿಗೆ ಇವರು ಬಾಗಿಲು ಕೂರಿಸಿದ್ದಾರೆ. ಈ ಪೇಟೆಯಲ್ಲಿ ದಿನಕ್ಕೊಮ್ಮೆಯಾದರೂ ಇವರ ಕೈಕೆಲಸವನ್ನು ಹಾದುಹೋಗದವರು ಕಡಿಮೆ. ನಿಂತು ನೋಡಿದವರು ಇನ್ನೂ ಕಡಿಮೆ. ಕಿರುಗುಟ್ಟುವ ಬಾಗಿಲಿಗೆ ಬೈಗುಳವಾದರೂ ದಕ್ಕುತ್ತದೆ, ಸದ್ದಿಲ್ಲದ್ದಕ್ಕೆ ಅದೂ ಇಲ್ಲ. ಮರದ ಡಿಪೋದಲ್ಲಿ ಹಲಗೆ ಹೊರುತ್ತಿದ್ದ ಹುಡುಗನಿಗೆ ಕಸುಬು ಕಲಿಸಿದ್ದು ಒಬ್ಬ ಕಿವುಡ ಮೇಸ್ತ್ರಿ. ಬಾಗಿಲು ಎಲ್ಲಿ ಉಜ್ಜುತ್ತಿದೆಯೆಂಬುದು ಮೇಸ್ತ್ರಿಯ ಕಿವಿಗೆ ಕೇಳುತ್ತಿರಲಿಲ್ಲ, ಅಂಗೈಯಿಟ್ಟು ತಿಳಿಯುತ್ತಿದ್ದರು. ಕಿವಿ ನೆಟ್ಟಗಿರುವ ಶಿಷ್ಯ ಇಂದಿಗೂ ಅಂಗೈಯನ್ನೇ ನಂಬುತ್ತಾರೆ.

ಆದರೆ ಕೆಲಸದ ಕೈಯನ್ನು ಹೊತ್ತ ಭುಜ ಈಗ ಮಾತು ಕೇಳುತ್ತಿಲ್ಲ. ಬಲಭುಜದ ಕೀಲು ಸವೆದಿದೆಯೆಂದು ವೈದ್ಯರು ಹೇಳಿದ್ದಾರೆ. "ನನ್ನ ಕೀಲೇ ಹೋಯ್ತು, ಸ್ಕ್ರೂ ಹಾಕೋಕೆ ಜಾಗ ಇಲ್ಲ," ಎಂದು ಬಾಗಿಲಣ್ಣ ನಗುತ್ತಾರೆ. ಮೊದಲು ದಿನಕ್ಕೆ ನಾಲ್ಕು ಬಾಗಿಲು ಕೂರಿಸುತ್ತಿದ್ದವರು ಈಗ ಎರಡಕ್ಕೇ ಏದುಸಿರು ಬಿಡುತ್ತಾರೆ. ಈ ಕಟ್ಟಡವೇ ಕೊನೆಯದು. ಕೂಲಿ ನಿಂತರೆ ಪೇಟೆಯ ನಡುವಿನ ಎರಡು ಕೋಣೆಯ ಬಾಡಿಗೆ ತೆರಲಾಗದು. ಗಂಡ ಹೆಂಡತಿ ಇಬ್ಬರೂ ದುಡಿದು ಕೂಡಿಟ್ಟ ಗಂಟಿಗೆ ಪೇಟೆಯಲ್ಲಿ ಒಂದು ಹೊಸಿಲೂ ಬರುವುದಿಲ್ಲ. ಬಸ್ಸಿನ ಕೊನೆಯ ನಿಲ್ದಾಣದ ಆಚೆ, ಬೆಲೆ ಅರ್ಧಕ್ಕಿಳಿಯುವಲ್ಲಿ, ಸಣ್ಣದೊಂದು ಮನೆ ಬಂದೀತು. ಈ ಕಟ್ಟಡದ ಕೆಲಸ ಮುಗಿಯುವ ಮೊದಲೇ ಅದು ಸಿಗಬೇಕು. ತಡವಾದರೆ ಗಂಟು ಬಾಡಿಗೆಗೇ ಕರಗಿಹೋಗುತ್ತದೆ.

"ಅಪ್ಪಾ, ನಮ್ಮಲ್ಲೇ ಬಂದಿದ್ಬಿಡಿ," ಎಂದು ಮಗಳು ಕರೆದದ್ದುಂಟು. ಬಾಗಿಲಣ್ಣ ಒಪ್ಪಿಲ್ಲ. "ಮಗಳ ಮನೆಗೆ ಹೋದ್ರೆ ಬಾಗಿಲು ತಟ್ಟಬೇಕು. ನಂಗೆ ತಟ್ಟದೇ ಒಳಗೆ ಹೋಗೋ ಬಾಗಿಲು ಒಂದು ಬೇಕು, ಅಷ್ಟೇ."

ಅವರ ಹೆಂಡತಿ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹಾಸಿಗೆಯ ಹೊದಿಕೆಗಳನ್ನು ಇಸ್ತ್ರಿ ಮಾಡಿ ಕಳೆದ ವರ್ಷವಷ್ಟೇ ನಿವೃತ್ತರಾದವರು. ಅಲ್ಲಿ ಎಲ್ಲರಿಗೂ ಇಸ್ತ್ರಿಯಕ್ಕ. "ಊರವರಿಗೆ ಇವ್ರು ಅಣ್ಣ, ನಾನು ಅಕ್ಕ. ಅಣ್ಣ-ಅಕ್ಕ ಸೇರಿ ಸಂಸಾರ ಮಾಡಿದ್ದು ನಮ್ಮನೇಲಿ ಮಾತ್ರ," ಎನ್ನುತ್ತಾರೆ. ಸೋಮಾರಿತನ, ಸುಕ್ಕು, ಸುತ್ತುಬಳಸಿನ ಮಾತು ಮೂರೂ ಆಕೆಗೆ ಆಗದು. ಗಂಡನನ್ನು ಆಕೆ ವರ್ಷಗಳಿಂದ ಕೇಳುತ್ತ ಬಂದದ್ದು ಒಂದೇ: "ಊರಿನ ಬಾಗಿಲೆಲ್ಲ ಕೂರಿಸಿದ್ರಿ. ನೀವು ಕೂರೋದು ಯಾವಾಗ?"

ಇದಕ್ಕೆ ಉತ್ತರ ಹುಡುಕಿಕೊಂಡೇ ಇಬ್ಬರೂ ರಜೆಯ ದಿನಗಳಲ್ಲಿ ಬಸ್ಸು ಹತ್ತತೊಡಗಿದ್ದು. ದಲ್ಲಾಳಿಯೊಬ್ಬ ಕೊನೆಯ ನಿಲ್ದಾಣದಲ್ಲಿ ಕಾದಿರುತ್ತಿದ್ದ. ಮನೆಯ ತೂತನ್ನು ಕಿಟಕಿಯೆಂದೂ ಕಿಟಕಿಯನ್ನು ಬಾಲ್ಕನಿಯೆಂದೂ ಕರೆಯುವ ಉತ್ಸಾಹಿ. ಇಸ್ತ್ರಿಯಕ್ಕ ಬಟ್ಟೆ ಒಣಹಾಕಲು ಬಿಸಿಲಿನ ಜಾಗ ಎಲ್ಲಿದೆಯೆಂದು ಮೊದಲು ನೋಡುತ್ತಿದ್ದರು. ಬಾಗಿಲಣ್ಣ ಏನು ನೋಡುತ್ತಿದ್ದರೆಂದು ಹೇಳಬೇಕಾಗಿಲ್ಲ. ನೋಡಿ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ.

ಮೊದಲ ಮನೆ ಎಲ್ಲ ರೀತಿಯಿಂದಲೂ ಒಪ್ಪಿಗೆಯಾಗಿತ್ತು. ಅದರ ಅಡುಗೆಮನೆಯ ಬಾಗಿಲು ಮಾತ್ರ ಜೋತುಬಿದ್ದು, ನೆಲದ ಮೇಲೆ ಅರ್ಧಚಂದ್ರದಂಥ ಗೀರು ಕೊರೆದಿತ್ತು. ಇಸ್ತ್ರಿಯಕ್ಕ ಹಿತ್ತಿಲಿನ ಬಿಸಿಲು ನೋಡಿ ಬರುವಷ್ಟರಲ್ಲಿ ಬಾಗಿಲಣ್ಣನ ಕೈ ಚೀಲದೊಳಗೆ ಹೋಗಿತ್ತು. ಕೀಲು ಸಡಿಲಿಸಿ, ಹಿಂದೆ ಬೆಂಕಿಪೊಟ್ಟಣದ ರಟ್ಟು ಇಟ್ಟು, ಮತ್ತೆ ಬಿಗಿ ಮಾಡಿದ್ದೂ ಆಯಿತು. ಮನೆಯ ಯಜಮಾನರು ಬಾಗಿಲನ್ನು ಒಂದೇ ಬೆರಳಲ್ಲಿ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಉಯ್ಯಾಲೆ ಸಿಕ್ಕ ಮಗುವಿನ ಮುಖವಾಗಿತ್ತು ಅವರದು. "ಅಯ್ಯೋ, ಇಷ್ಟು ಚೆನ್ನಾಗಿತ್ತಾ ನನ್ನ ಮನೆ!"

ಮರುದಿನ ದಲ್ಲಾಳಿಯ ಫೋನು ಬಂತು. "ಅಣ್ಣಾ, ಯಜಮಾನ್ರು ಬೆಲೆ ಏರಿಸಿಬಿಟ್ರು. ಮನೆ ಗಟ್ಟಿಮುಟ್ಟಾಗಿದೆ, ಬೇಕಾದ್ರೆ ಬಾಗಿಲು ನೋಡಿ ಅಂತಾರೆ. ಏನು ಮಾಡಿ ಬಂದ್ರಿ ನೀವು?"

ಎರಡನೆಯ ಮನೆಯನ್ನು ಮಾರಲು ಹೊರಟವರು ಒಂದೇ ಸೂರಿನಡಿ ಹೊಂದದ ಅತ್ತೆ ಸೊಸೆ. ಮಾರಿ, ಹಣ ಹಂಚಿಕೊಂಡು, ಬೇರೆಬೇರೆಯಾಗುವುದು ಅವರ ಲೆಕ್ಕ. ಅಲ್ಲಿ ನಡುಕೋಣೆಯ ಬಾಗಿಲು ಉಬ್ಬಿಹೋಗಿ ಎಷ್ಟೋ ಕಾಲದಿಂದ ಮುಚ್ಚಿಯೇ ಇರಲಿಲ್ಲ. ಹೆಂಡತಿ ಕಣ್ಣಲ್ಲೇ ಬೇಡವೆಂದರು. ಬಾಗಿಲಣ್ಣ ತಲೆಯಾಡಿಸಿದರು, ಆದರೆ ಆಡಿಸುತ್ತಲೇ ಅಂಚು ಕೆರೆದರು. ಬಾಗಿಲು ಮುಚ್ಚಿತು, ಚಿಲಕವೂ ಬಿತ್ತು. ಒಳಗಡೆ ಸೊಸೆ, ಹೊರಗಡೆ ಅತ್ತೆ. ಮನೆಯೊಳಗೆ ಅಪರೂಪದ ಮೌನ. ಸೊಸೆ ಹೊರಬಂದು, "ಅತ್ತೆ, ಈಗ ನೀವಂದಿದ್ದು ಏನೂ ಕೇಳಿಸ್ಲಿಲ್ಲ," ಎಂದಳು. "ನಾನು ಏನೂ ಅಂದೇ ಇಲ್ಲ ಕಣೇ," ಎಂದರು ಅತ್ತೆ. "ಅಂದ್ರೂ ಕೇಳಿಸ್ತಿರ್ಲಿಲ್ಲ. ಬಾಗಿಲು ಹಾಕ್ಕೊಂಡ್ರೆ ಸಾಕಲ್ಲ, ಬೇರೆ ಮನೆ ಯಾಕೆ?" ಎಂದಳು ಸೊಸೆ. ಇಬ್ಬರೂ ಮೊದಲ ಬಾರಿಗೆ ಒಂದು ಮಾತಿಗೆ ಒಪ್ಪಿದರು: ಮನೆ ಮಾರುವುದಿಲ್ಲ.

ದಲ್ಲಾಳಿ ರಸ್ತೆಯಲ್ಲೇ ಕೈಮುಗಿದ. "ಅಣ್ಣಾ, ನನ್ನ ದಲ್ಲಾಳಿ ದುಡ್ಡು ಹೋಯ್ತು, ಒಂದು ಸಂಸಾರ ಉಳೀತು. ನಿಮ್ಮ ಕೈಗೊಂದು ದೊಡ್ಡ ನಮಸ್ಕಾರ."

ಬಸ್ಸು ಅರ್ಧ ದಾರಿ ಬಂತು. ಇಸ್ತ್ರಿಯಕ್ಕ ಕೈ ಚಾಚಿದರು. "ಕೊಡಿ ಇಲ್ಲಿ."

"ಏನು?"

"ಸ್ಕ್ರೂಡ್ರೈವರ್. ನೀವು ಮನೆ ನೋಡೋಕೆ ಬರ್ತೀರೋ, ಮನೆ ಉಳಿಸೋಕೆ ಬರ್ತೀರೋ? ಇನ್ನೊಂದು ಬಾಗಿಲು ಮುಟ್ಟಿದ್ರೆ ನಮ್ಮ ಮುಪ್ಪು ಬಸ್ಸಲ್ಲೇ ಕಳಿಯತ್ತೆ."

"ಕೈ ಸುಮ್ನಿರಲ್ವೇ. ಯಾರೋ ಕುಂಟ್ತಾ ಇದ್ರೆ ನೋಡ್ಕೊಂಡು ಹೋಗೋಕಾಗತ್ತಾ?"

"ಕುಂಟ್ಲಿ. ನಮ್ಮದಾದ ಮೇಲೆ ಎತ್ಕೊಂಡು ಓಡಾಡಿ."

ಸ್ಕ್ರೂಡ್ರೈವರು ಆಕೆಯ ಕೈಚೀಲ ಸೇರಿತು. ಕಾರ್ಖಾನೆಯ ಗೋಡೆಗಳು ಹಿಂದೆ ಸರಿದು ಪೇಟೆಯ ದೀಪಗಳು ಹತ್ತಿರವಾಗುವವರೆಗೂ ಬಾಗಿಲಣ್ಣ ಬರಿಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ಇಳಿಯುವಾಗ ಮೆಲ್ಲಗೆ, ಆದರೆ ದೃಢವಾಗಿ ಹೇಳಿದರು: "ಮುಂದಿನ ಸಲ ಕೈಕಟ್ಟಿ ನಿಲ್ತೀನಿ. ಮಾತು ಕೊಟ್ಟೆ."

ಮೂರನೆಯ ಮನೆ ಇಳಿಜಾರಿನ ಮೇಲಿದೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ದಿನವಿಡೀ ಬಿಸಿಲು ಬೀಳುವ ಅಂಗಳ. ಮಾರುವವರು ಬಟ್ಟೆ ಹೊಲಿದು ಬದುಕಿದ ಒಂಟಿ ಹೆಂಗಸು. ದೂರದ ತಂಗಿಯ ಜೊತೆಗಿರಲು ಹೊರಟಿದ್ದಾರೆ. ಹೇಳಿದ ಬೆಲೆ ಗಂಡ ಹೆಂಡಿರ ಗಂಟಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಆದರೆ ಮುಂಬಾಗಿಲನ್ನು ಎರಡು ಕೈಯಲ್ಲಿ ಎತ್ತಿ, ಮೊಣಕಾಲಿನಿಂದ ಗುದ್ದಿದರಷ್ಟೇ ತೆರೆಯುತ್ತಿತ್ತು. ಹೊಲಿಗೆಯಮ್ಮ ಹಾಗೆ ಗುದ್ದಿ ತೆರೆದು, ಒಳಗೆ ಕರೆಯುತ್ತಲೇ, "ಸಂಜೆಗೆ ಇನ್ನೊಬ್ರು ನೋಡೋಕೆ ಬರೋರಿದಾರೆ," ಎಂದು ಸೇರಿಸಿದರು.

ಬಾಗಿಲಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕೋಣೆ ನೋಡಿದರು, ನಲ್ಲಿ ತಿರುಗಿಸಿದರು, ಸೂರು ನೋಡಿದರು. ಮತ್ತೆ ಮುಂಬಾಗಿಲ ಬಳಿ ಬಂದಾಗ ಬೆನ್ನ ಹಿಂದಿನ ಬೆರಳುಗಳು ಒಂದನ್ನೊಂದು ಹಿಡಿದು ಜಗ್ಗುತ್ತಿದ್ದವು. ಮೇಲಿನ ಕೀಲಿನ ಒಂದು ಸ್ಕ್ರೂ ಅರ್ಧ ಹೊರಬಂದು ಅವರನ್ನೇ ನೋಡುತ್ತಿತ್ತು.

"ಈ ದರಿದ್ರ ಬಾಗಿಲಿಗೆ ಬಡಗೀನ ಕರೆದು ಕರೆದು ಸಾಕಾಯ್ತು," ಎಂದರು ಹೊಲಿಗೆಯಮ್ಮ. "ಅಂದಹಾಗೆ, ನೀವೇನು ಕೆಲಸ ಮಾಡ್ತೀರಿ?"

ಸುಣ್ಣ ಬಳಿಯುವವನು ಎನ್ನಬಹುದಿತ್ತು. ಡಿಪೋದವನು ಎಂದರೂ ಅರ್ಧ ನಿಜವೇ ಆಗುತ್ತಿತ್ತು. ಬಾಗಿಲಣ್ಣ ಹೆಂಡತಿಯ ಕಡೆ ನೋಡದೆ ಹೇಳಿದರು: "ಬಾಗಿಲು ಕೂರಿಸ್ತೀನಮ್ಮ."

ಇಸ್ತ್ರಿಯಕ್ಕ ಕಣ್ಣು ಮುಚ್ಚಿಕೊಂಡರು.

"ಮತ್ತೆ ಬಂದಾಗಿಂದ ಕೈಕಟ್ಟಿ ನಿಂತಿದೀರಲ್ಲ! ಹಲ್ಲುನೋವು ಅಂತ ನಾನು ಒದ್ದಾಡ್ತಿದ್ರೆ ಹಲ್ಲಿನ ಡಾಕ್ಟ್ರು ಬಾಯ್ಮುಚ್ಕೊಂಡು ಕೂತಂಗಾಯ್ತು."

ಬೇರೆ ದಾರಿಯಿರಲಿಲ್ಲ. ಇಸ್ತ್ರಿಯಕ್ಕ ಎರಡು ಮನೆಗಳ ಕತೆಯನ್ನೂ ಒಂದು ಸುಕ್ಕಿಲ್ಲದಂತೆ ಹೇಳಿದರು. ಅತ್ತೆ ಸೊಸೆಯ ಭಾಗಕ್ಕೆ ಬರುವಷ್ಟರಲ್ಲಿ ಹೊಲಿಗೆಯಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನಗು ನಿಂತ ಮೇಲೆ ಬಾಗಿಲ ಕಡೆ ತಿರುಗಿದರು.

"ಸಂಜೆ ಬರೋರಿಗೆ ಬರಬೇಡಿ ಅಂತ ಹೇಳ್ತೀನಿ. ನಾನು ಅಳತೆ ತಗೊಂಡ ಮೇಲೆ ರೇಟು ಏರಿಸಿದೋಳಲ್ಲ. ಆದ್ರೆ ಒಂದು ಆಸೆ. ಈ ಮನೆ ಬಿಡೋ ಮೊದ್ಲು ಒಂದು ಸಲನಾದ್ರೂ ಈ ಬಾಗಿಲನ್ನ ಒಂದೇ ಕೈಲಿ ತೆಗೀಬೇಕು."

"ಮೊದ್ಲು ಮುಂಗಡ ತಗೊಳ್ಳಿ," ಎಂದರು ಇಸ್ತ್ರಿಯಕ್ಕ. ಮುಂಗಡ ಕೈ ಬದಲಾಯಿಸಿತು. ಆಮೇಲೆ ಆಕೆ ಕೈಚೀಲದ ತಳಕ್ಕೆ ಕೈಹಾಕಿ, ಅಷ್ಟು ದಿನ ಬಚ್ಚಿಟ್ಟಿದ್ದ ಸ್ಕ್ರೂಡ್ರೈವರನ್ನು ತೆಗೆದು, ಹಿಡಿಯನ್ನು ಗಂಡನ ಕಡೆ ತಿರುಗಿಸಿ ನೀಡಿದರು. "ಹೂಂ. ಈಗ ಮುಟ್ಟಿ."

ಕೀಲು ಬಿಗಿಯಾದ ಮೇಲೆ ಹೊಲಿಗೆಯಮ್ಮ ಒಂದೇ ಕೈಯಲ್ಲಿ ಬಾಗಿಲು ತೆರೆದು ಹೊರಹೋದರು, ಒಳಬಂದರು. ಮತ್ತೆ ಹೊರಹೋಗಿ ಬೀದಿಯಲ್ಲಿ ನಿಂತು ಮನೆಯನ್ನು ನೋಡಿದರು.

ಈಗ ಹೊರಡುವ ಬೆಳಗು. ಕಟ್ಟಡದ ಕೊನೆಯ ಬಾಗಿಲು ಕೂತಾಗಿದೆ. ಪೇಟೆಯ ಬಾಡಿಗೆ ಮನೆಯ ಸಾಮಾನೆಲ್ಲ ಕೆಳಗೆ ವ್ಯಾನಿನಲ್ಲಿದೆ, ಇಸ್ತ್ರಿಯಕ್ಕನ ತಮ್ಮ ಎಂಜಿನ್ನು ಶುರುಮಾಡಿ, "ಭಾವಾ, ಹೊತ್ತಾಯ್ತು!" ಎಂದು ಕೂಗುತ್ತಿದ್ದಾನೆ. ಭಾವ ಮೇಲೆ, ಖಾಲಿ ಮನೆಯ ಬಾಗಿಲ ಬುಡದಲ್ಲಿ, ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ದೀಪದ ಬುಡ ಕತ್ತಲೆಂಬ ಮಾತಿಗೆ ಸಾಕ್ಷಿಯಾದ ಬಾಗಿಲಿದು. ಊರಿಗೆಲ್ಲ ಬಾಗಿಲು ಕೂರಿಸಿದವರ ಮನೆಯಲ್ಲಿ ಇದನ್ನು ಎತ್ತಿ ಎಳೆದು, ಕಾಲಿನಿಂದ ಒದ್ದರಷ್ಟೇ ಮುಚ್ಚುತ್ತಿತ್ತು. ತೆರೆಯುವಾಗಲೂ ಮುಚ್ಚುವಾಗಲೂ ಅದರ ನರಳಿಕೆ ಅಡುಗೆಮನೆಯವರೆಗೂ ಕೇಳುತ್ತಿತ್ತು.

"ಇಷ್ಟು ವರ್ಷ ನಾನು ಎತ್ತಿ ಒದ್ದೆ," ಎನ್ನುತ್ತಾರೆ ಇಸ್ತ್ರಿಯಕ್ಕ, ಸೊಂಟದ ಮೇಲೆ ಕೈಯಿಟ್ಟು. "ಹೋಗೋ ದಿನ ನೆನಪಾಯ್ತಾ ನಿಮ್ಗೆ?"

"ಅದು ನರಳಿದ್ರೆ ತಾನೆ ನಾನು ಬಂದೆ ಅಂತ ನಿಂಗೆ ಗೊತ್ತಾಗ್ತಿದ್ದಿದ್ದು? ಆಗ ನೀನು ಒಲೆ ಮೇಲೆ ನೀರಿಡ್ತಿದ್ದೆ," ಎನ್ನುತ್ತಾರೆ ಬಾಗಿಲಣ್ಣ, ತಲೆಯೆತ್ತದೆ. "ಅದಕ್ಕೇ ಮುಟ್ಲಿಲ್ಲ. ಇನ್ಮೇಲೆ ಇಲ್ಲಿಗೆ ನಾನು ಬರಲ್ವಲ್ಲ."

ಇಸ್ತ್ರಿಯಕ್ಕನ ಕೈ ಸೊಂಟದಿಂದ ಕೆಳಗಿಳಿಯುತ್ತದೆ.

ಅವರು ಕೊನೆಯ ಸ್ಕ್ರೂ ಬಿಗಿಮಾಡಿ, ಬಾಗಿಲನ್ನು ಅರ್ಧ ತೆರೆದು ಕೈಬಿಡುತ್ತಾರೆ. ಅದು ಬಿಟ್ಟಲ್ಲೇ ನಿಲ್ಲುತ್ತದೆ. "ಇಲ್ಲಿಗೆ ಬರೋರು ಯಾರೋ ಏನೋ. ಅವ್ರು ಎತ್ತಬಾರ್ದು, ಅಷ್ಟೇ." ಚೀಲವನ್ನು ಎಡಭುಜಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಾರೆ. ತಿರುವಿನಲ್ಲಿ, ಅಭ್ಯಾಸಬಲದಿಂದ, ನರಳಿಕೆಗೆ ಕಿವಿಗೊಟ್ಟು ನಿಲ್ಲುತ್ತಾರೆ.

ಮೇಲೆ ಇಸ್ತ್ರಿಯಕ್ಕ ಬರಿದಾದ ಕೋಣೆಯನ್ನು ಒಮ್ಮೆ ನೋಡಿ ಹೊರಗೆ ಬರುತ್ತಾರೆ. ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಎತ್ತಲು ಉಸಿರು ಬಿಗಿಹಿಡಿದು, ಒದೆಯಲು ಕಾಲೆತ್ತುತ್ತಾರೆ. ಆ ಕಾಲು ಗಾಳಿಯಲ್ಲಿರುವಾಗಲೇ ಬಾಗಿಲು ಆಕೆಯ ಕೈಯ ಸಣ್ಣ ಎಳೆತಕ್ಕೇ ಬಂದು, ಸದ್ದಿಲ್ಲದೆ, ಚೌಕಟ್ಟಿನಲ್ಲಿ ಕೂತುಕೊಳ್ಳುತ್ತದೆ.