ಜಲಜ ಚಿಕ್ಕಮ್ಮನ ಕೋಣೆ

ಮೊನ್ನೆ ನಮ್ಮ ಫ್ಲ್ಯಾಟಿನ ಸಣ್ಣ ಕೋಣೆಯನ್ನು ತೊಳೆಸಿದೆ. ಹಳೆಯ ವಾರಪತ್ರಿಕೆಗಳು, ಕಡ್ಡಿ ಮುರಿದ ಕೊಡೆ, ಯಾವತ್ತೋ ಉಪಯೋಗಕ್ಕೆ ಬಂದೀತೆಂದು ಎತ್ತಿಟ್ಟ ಖಾಲಿ ಡಬ್ಬಗಳು, ಹೀಗೆ ಮದುವೆಯಾಗದೆ ಉಳಿದ ಬ್ಯಾಂಕ್ ಗುಮಾಸ್ತೆಯೊಬ್ಬಳ ಸಕಲ ಆಸ್ತಿ ಅಲ್ಲಿತ್ತು. ಅದನ್ನೆಲ್ಲ ಹೊರಗೆ ಹಾಕಿದ ಮೇಲೆ ಕೆಲಸದ ಗುಲಾಬಿ ನೆಲಕ್ಕೆ ಫಿನಾಯಿಲ್ ಸುರಿದಳು. ಧಾರಾಳ ಕೈ ಅವಳದು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕಾರ್ಕಳದ ನನ್ನ ಸೋದರಮಾವನ ಮನೆಯಲ್ಲಿ ಜಲಜ ಚಿಕ್ಕಮ್ಮ ಇಷ್ಟು ವರ್ಷ ಇದ್ದ ಕೋಣೆಯಲ್ಲೂ ಇದೇ ವಾಸನೆ. ಆ ಚಿಕ್ಕಮ್ಮ ಇನ್ನು ನನ್ನ ಮನೆಗೆ ಬರುವವಳಿದ್ದಳು. ಅವಳಿಗಾಗಿಯೇ ಈ ತೊಳೆಯುವ ಸಂಭ್ರಮ.

ಜಲಜ ನನ್ನ ಅಮ್ಮನ ಕೊನೆಯ ತಂಗಿ. ಚಿಕ್ಕಮ್ಮ ಎನ್ನುತ್ತೇನಾದರೂ ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಅಷ್ಟೇ. ಹುಟ್ಟಿದಾಗ ಬಹಳ ಹೊತ್ತು ಅಳಲೇ ಇಲ್ಲವಂತೆ. ಮಾತು ತಡವಾಯಿತು, ನಡಿಗೆ ತಡವಾಯಿತು, ಶಾಲೆ ಅವಳಿಗೆ ಒಗ್ಗಲೇ ಇಲ್ಲ. ಅಂಥವರಿಗೆ ಊರಿನವರು ಬಳಸುತ್ತಿದ್ದ ಶಬ್ದಗಳನ್ನು ನಾನಿಲ್ಲಿ ಬರೆಯುವುದಿಲ್ಲ, ನಿಮಗೂ ಗೊತ್ತಿರುವಂಥವೇ. ಎಪ್ಪತ್ತರ ದಶಕದ ಆರಂಭದಲ್ಲಿ ಅಜ್ಜಿ ಅವಳನ್ನು ಮಣಿಪಾಲಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿದರು. ಅಜ್ಜಿಯ ತುಳುವನ್ನು ಕನ್ನಡ ಮಾಡಿ ಹೇಳಲು ನಾನು ಜೊತೆಗೆ ಹೋಗಿದ್ದೆ. ಡಾಕ್ಟರು ಒಳ್ಳೆಯವರು, ಸಮಾಧಾನದಿಂದ ಮಾತಾಡಿದರು. "ನೋಡಿ ಅಮ್ಮ, ದೇಹ ಬೆಳೆದಿದೆ. ಬುದ್ಧಿ ಮಾತ್ರ ಏಳೆಂಟು ವರ್ಷದ ಮಗುವಿನಷ್ಟೇ."

ನಾನು ಭಾಷಾಂತರಿಸುವ ಮೊದಲೇ ಅಜ್ಜಿಗೆ ಅರ್ಥವಾಗಿತ್ತು. ತಾವೇ ಕನ್ನಡಕ್ಕೆ ಇಳಿದರು. "ಏಳೆಂಟು ವರ್ಷದ ಮಗು ಬಾವಿಯಿಂದ ಸೇದಿ ಹಂಡೆ ತುಂಬಿಸ್ತದಾ ಡಾಕ್ಟ್ರೇ? ಇವಳು ದಿನಾ ತುಂಬಿಸ್ತಾಳೆ!"

ಡಾಕ್ಟರು ನಕ್ಕರು. ಅಜ್ಜಿ ನಗಲಿಲ್ಲ. ಹಿಂದಿರುಗುವಾಗ ಉಡುಪಿಯಲ್ಲಿ ಬಸ್ಸು ಬದಲಿಸುವ ಮೊದಲು ಮಗಳಿಗೆ ಕೆಂಪು ಬಳೆ ಕೊಡಿಸಿದರು. ಹಸಿರು ಕೊಡಿಸಹೊರಟಾಗ ಜಲಜ ಅಂಗಡಿಯ ಮುಂದೆಯೇ ಕಾಲು ಅಪ್ಪಳಿಸಿ ಕೆಂಪೇ ಬೇಕೆಂದಿದ್ದಳು. ಅವಳ ಹಟ ಅಂದರೆ ಹಟ.

ಅಜ್ಜಿಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಎರಡು ಕೋಣೆಯ ಹಂಚಿನ ಮನೆ, ಅದರಲ್ಲಿ ತಾಯಿ ಮಗಳು ಇಬ್ಬರೇ. ಬೇಲಿಯ ಆಚೆ ಫ್ಲೋರಿ ಬಾಯಮ್ಮನ ಮನೆ. ಗಂಡ ತೀರಿಕೊಂಡ ಮೇಲೆ ಮಲ್ಲಿಗೆ ಬೆಳೆದು ಮಗನನ್ನು ಓದಿಸಿದ ಕ್ರಿಶ್ಚಿಯನ್ ಹೆಂಗಸು. ನಮ್ಮ ಕಡೆಯ ಮಲ್ಲಿಗೆ ಗೊತ್ತಲ್ಲ, ಬೆಳಿಗ್ಗೆ ಮೊಗ್ಗು ಕೊಯ್ದು, ಒದ್ದೆ ಮಾಡಿದ ಬಾಳೆನಾರಿನಲ್ಲಿ ಕಟ್ಟಿ, ಹೂವಿನವನು ಸೈಕಲ್ಲಿನಲ್ಲಿ ಬರುವುದರೊಳಗೆ ಮುಗಿಸಬೇಕು. ನಮ್ಮ ಹಂಡೆ ತುಂಬಿದ್ದೇ ಜಲಜ ಬೇಲಿ ದಾಟಿ ಬಾಯಮ್ಮನ ಜಗಲಿಯಲ್ಲಿ ಹಾಜರು. ಲೆಕ್ಕ ಅವಳಿಗೆ ಬಾರದು. ಅದಕ್ಕೆ ಬಾಯಮ್ಮ ಮೊಗ್ಗುಗಳನ್ನು ಮೊದಲೇ ಎಣಿಸಿ ಬಾಳೆಲೆಯ ಮೇಲೆ ಸಣ್ಣ ಸಣ್ಣ ಗುಪ್ಪೆ ಮಾಡಿಡುತ್ತಿದ್ದರು. ಗುಪ್ಪೆ ಮುಗಿದರೆ ಒಂದು ಮಾಲೆ ಮುಗಿಯಿತು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಒಂದು ರಜೆಯಲ್ಲಿ ನಾನೂ ಕಟ್ಟಲು ಕೂತೆ. ನಾನು ಕಟ್ಟಿದ್ದನ್ನು ಬಾಯಮ್ಮ ಎತ್ತಿ ಹಿಡಿದಾಗ ಅರ್ಧ ಹೂ ನೆಲಕ್ಕೆ, ನಾರು ಮಾತ್ರ ಕೈಯಲ್ಲಿ. ಜಲಜ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನಗೆ ಬರುದಿಲ್ಲ ಮಾರಾಯ್ತಿ. ನೀನು ಬ್ಯಾಂಕಿಗೆ ಹೋಗು!"

ಬ್ಯಾಂಕಿಗೆ ಹೋದೆ, ನೋಡಿ. ಇವತ್ತಿಗೂ ಅಲ್ಲೇ ಇದ್ದೇನೆ.

ಅಜ್ಜಿ ಅವಳನ್ನು ಬೆಳಗಾದರೆ ಬೈಯುತ್ತಿದ್ದರು. ಕೊಡ ಒಡೆದದ್ದಕ್ಕೆ, ತಲೆ ಬಾಚದ್ದಕ್ಕೆ, ರಸ್ತೆಬದಿ ನಿಂತು ಬಸ್ಸಿನವರ ಹತ್ತಿರ ಪಟ್ಟಾಂಗ ಹೊಡೆದದ್ದಕ್ಕೆ. ಅವಳೂ ತಿರುಗಿ ಬೈಯುತ್ತಿದ್ದಳು. ಬಾಯಮ್ಮನ ಜೊತೆ ಜಗಳವಾಡಿ ಬೆಳಿಗ್ಗೆ ಮಾತು ಬಿಟ್ಟರೆ ಮಧ್ಯಾಹ್ನದ ಚಹಾಕ್ಕೆ ಮತ್ತೆ ಅಲ್ಲೇ. ಅಂಗಡಿಯವನು, ಮೀನಿನ ಬುಟ್ಟಿಯ ಹೆಂಗಸರು, ಕಂಡಕ್ಟರು, ಎಲ್ಲರಿಗೂ ಅವಳು ಜಲಜಕ್ಕ. ಆ ಮನೆಯಲ್ಲಿ ನೆಲ ಸಗಣಿಯದು, ಅವಳ ಸೀರೆಯ ತುದಿ ಸದಾ ಒದ್ದೆ, ಉಗುರಿನಲ್ಲಿ ಮಣ್ಣು. ಅದನ್ನೆಲ್ಲ ಕಂಡಾಗ ಕಾರ್ಕಳದ ಮಾವ ಮುಖ ಸಣ್ಣ ಮಾಡುತ್ತಿದ್ದರು.

ಮಾವನ ಬಗ್ಗೆ ಕೆಟ್ಟದ್ದು ಹೇಳಲು ನನಗೆ ಬಾಯಿ ಬರುವುದಿಲ್ಲ, ಸಂಕಟ ಇರುವುದೇ ಅಲ್ಲಿ. ಕಾರ್ಕಳದಲ್ಲಿ ಬಟ್ಟೆ ಅಂಗಡಿ, ಊರಲ್ಲಿ ಮರ್ಯಾದೆ, ತಂಗಿಯೆಂದರೆ ಜೀವ. ಅಜ್ಜಿ ತೀರಿಕೊಂಡು ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಬಾಯಮ್ಮ ಅಂಗಳದ ತುದಿಯಲ್ಲಿ ನಿಂತೇ ಮಾತು ತೆಗೆದರು.

"ಧನಿ, ಒಂದು ಮಾತು ಹೇಳ್ಲಿಕ್ಕುಂಟು. ಜಲಜ ಇಲ್ಲೇ ಇರಲಿ. ಅವಳ ಮನೆ, ಅವಳ ಬಾವಿ. ಹಗಲು ನನ್ನ ಕಣ್ಣೆದುರು ಇರ್ತಾಳೆ, ರಾತ್ರಿ ನಾನು ಬಂದು ಇಲ್ಲಿ ಮಲಗ್ತೇನೆ. ನೀವು ಆಗಾಗ ಬಂದು ನೋಡಿದ್ರೆ ಸಾಕು."

ಮಾವ ಎದ್ದು ನಿಂತು ಕೈಮುಗಿದರು. "ನಿಮ್ಮ ಉಪಕಾರ ದೊಡ್ಡದು ಬಾಯಮ್ಮ. ಆದ್ರೆ ಅಣ್ಣ ಬದುಕಿರುವಾಗ ತಂಗಿ ಬೇರೆಯವರ ಜಗಲಿಯಲ್ಲಿ ಕೂತು ಹೂ ಕಟ್ಟಿದ್ರೆ ಜನ ಎಂತ ಹೇಳಿಯಾರು? ಇನ್ನು ಅವಳು ರಾಣಿ ಹಾಗೆ ಇರ್ಬೇಕು."

"ಅವಳ ಹತ್ತಿರ ಒಮ್ಮೆ ಕೇಳಬಾರದಾ ಮಾವ?" ಎಂದೆ.

ಅತ್ತೆ ನಕ್ಕುಬಿಟ್ಟರು. "ಅವಳಿಗೆ ಎಂತ ಗೊತ್ತಾಗ್ತದೆ ಮಾರಾಯ್ತಿ?"

ಯಾರ ಬಗ್ಗೆ ಮಾತು ನಡೆದಿತ್ತೋ ಅವಳು ಹಿತ್ತಿಲಲ್ಲಿ ಅಷ್ಟೂ ನೆಂಟರ ಎಂಜಲು ಪಾತ್ರೆಗೆ ನೀರು ಸೇದುತ್ತಿದ್ದಳು. ರಾಟೆಯ ಸದ್ದು ಜಗಲಿಗೆ ಕೇಳುತ್ತಿತ್ತು. ಮಾರನೆಯ ದಿನ ಬಾಡಿಗೆ ಕಾರಿನ ಮುಂದಿನ ಸೀಟಿಗೆ ಕುಣಿಯುತ್ತ ಹತ್ತಿದಳು. ಸಂಜೆಗೆ ಹಿಂದೆ ಬರುತ್ತೇನೆಂದೇ ಅವಳ ಲೆಕ್ಕ. ನಾರು ಒಣಗದಂತೆ ನೀರು ಚಿಮುಕಿಸಲು ಬಾಯಮ್ಮನಿಗೆ ಕಿಟಕಿಯಿಂದಲೇ ಕೂಗಿ ಹೇಳಿದಳು.

ಕಾರ್ಕಳದಲ್ಲಿ ಅವಳಿಗೊಂದು ಕೋಣೆ ಕೊಟ್ಟರು. ಮಂಚ, ಹೊಸ ಹಾಸಿಗೆ, ಫ್ಯಾನು. ಸ್ನಾನ ಮಾಡಿಸಲು, ತಲೆ ಬಾಚಲು, ಊಟ ಕೋಣೆಗೇ ತಂದುಕೊಡಲು ಒಬ್ಬ ಹೆಂಗಸು. ಬಾವಿಕಟ್ಟೆಗೆ ಹೋಗಬಾರದು, ಬಿದ್ದಾಳು. ಒಲೆಯ ಹತ್ತಿರ ಬೇಡ, ಸುಟ್ಟುಕೊಂಡಾಳು. ಸುಮ್ಮನೆ ಕೂತಿರಬೇಕು. ಕೂತಿರುವುದು ಅವಳಿಗೆ ಹೇಗೆ ಬಂದೀತು? ಒಂದು ಬೆಳಿಗ್ಗೆ ಗೇಟು ದಾಟಿ, ಕೇಳಿಕೊಂಡು ಕೇಳಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದು, ಉಡುಪಿಯ ಬಸ್ಸು ಹತ್ತಿ ಕೂತಳು. ಎಲ್ಲಿಗೆಂದು ಕಂಡಕ್ಟರು ಕೇಳಿದ್ದಕ್ಕೆ ಬಾಯಮ್ಮನ ಮನೆಗೆ ಅಂದಳಂತೆ. ಗುರುತಿನವರು ಕಂಡು ಇಳಿಸಿ ಕರೆತಂದರು. ಯೋಚಿಸಿ ನೀವು! ಏಳೆಂಟು ವರ್ಷದ ಬುದ್ಧಿಯೆಂದು ಹೇಳಿಸಿಕೊಂಡವಳು ಸರಿಯಾದ ಬಸ್ಸನ್ನೇ ಹುಡುಕಿ ಹತ್ತಿದ್ದಳು. ಮನೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಮಾವ ಅವಳ ಕೈ ಹಿಡಿದು ಮಗುವಿನ ಹಾಗೆ ಅತ್ತರು, ನಾನೇ ಕಂಡಿದ್ದೇನೆ. ಅದೇ ವಾರ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಬಂತು.

ಮೊದಲು ಬಾಗಿಲು ಬಡಿಯುತ್ತಿದ್ದಳು. ಹರೆಯ ದಾಟಿದ ಹೆಂಗಸು ಬಡಿದರೆ ಮನೆಯೇ ಅದುರುತ್ತದೆ. ಆಮೇಲೆ ಬಡಿಯುವುದು ನಿಂತಿತು. "ಈಗ ಹಟ ಇಲ್ಲ, ತುಂಬ ಶಾಂತ," ಎಂದು ಅತ್ತೆ ಬಂದವರಿಗೆ ಹೇಳುತ್ತಿದ್ದರು. ಬಂದವರು ಕೋಣೆಯೊಳಗೆ ಇಣುಕಿ, ಮೂಗರಳಿಸಿ, ಎಷ್ಟು ಕ್ಲೀನಾಗಿ ಇಟ್ಟಿದ್ದೀರಿ, ಪುಣ್ಯ ಮಾಡಿದ್ದಳು ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಮಾವನ ಜೊತೆ ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ. "ಎಂತ ಕಡಿಮೆ ಮಾಡಿದ್ದೇನೆ, ಹೇಳು," ಎಂದು ಕೇಳುತ್ತಿದ್ದರು. ಮೀನು, ತುಪ್ಪ, ಹಬ್ಬಕ್ಕೆ ಸೀರೆ ಎಲ್ಲವೂ ಇತ್ತು. ಆ ಸೀರೆಯ ಬಣ್ಣ ಮಾತ್ರ ಅತ್ತೆ ಆರಿಸಿದ್ದು.

ಒಂದು ಸಲ ಬಾಯಮ್ಮನನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಬೆಳಗಿನ ಮೊಗ್ಗು, ಒದ್ದೆ ನಾರು, ಎರಡನ್ನೂ ಬಾಳೆಲೆಯಲ್ಲಿ ಸುತ್ತಿ ತಂದಿದ್ದರು. ಮಂಚದ ಮೇಲೆ ಬಿಡಿಸಿ, ಹಳೆಯ ಅಭ್ಯಾಸದಂತೆ ಗುಪ್ಪೆ ಮಾಡಿಟ್ಟರು. ಜಲಜ ಮೊದಲು ನೋಡಿದ್ದು ಹೂವನ್ನಲ್ಲ, ಬಾಗಿಲಲ್ಲಿ ನಿಂತ ಅತ್ತೆಯ ಮುಖವನ್ನು. "ಮುಟ್ಟು, ಪರವಾಗಿಲ್ಲ," ಎಂದರು ಅತ್ತೆ. ಮುಟ್ಟಿದಳು. ಒಂದು ಮೊಗ್ಗು ಎತ್ತಿಕೊಂಡು ಹಾಗೇ ಕೂತಳು. ನಾರನ್ನು ಬಾಯಮ್ಮ ಬೆರಳಿಗೆ ಸುತ್ತಿಕೊಟ್ಟರೂ ಬೆರಳು ಅಲ್ಲಾಡಲಿಲ್ಲ. ಹಿಂದಿರುಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಆ ಗಟ್ಟಿಗಿತ್ತಿ ಹೆಂಗಸು ಸೆರಗು ಬಾಯಿಗೊತ್ತಿಕೊಂಡು ಅತ್ತರು. "ಜೀವ ಇರುವಾಗಲೇ ತೆಗೆದಿಟ್ರಲ್ಲ ಮಗಾ ಅವಳನ್ನು, ಹೊಸ ಪಾತ್ರೆ ಕಪಾಟಿನಲ್ಲಿ ಇಡುವ ಹಾಗೆ."

ಆಮೇಲೆ ಬಾಯಮ್ಮನೂ ಮಗನ ಜೊತೆ ಮುಂಬಯಿಗೆ ಹೋದರು. ಕಾಪುವಿನ ಮನೆ ಮಾರಿ ಹೋಯಿತು. ಈ ವರ್ಷ ಮಾವನಿಗೆ ಪಾರ್ಶ್ವವಾಯು ಬಡಿಯಿತು. ಅತ್ತೆಗೆ ಗಂಡನನ್ನು ಎತ್ತಿ ಕೂರಿಸುವುದರಲ್ಲೇ ದಿನ ಮುಗಿಯುತ್ತದೆ. ನೋಡಲು ಹೋದ ನನ್ನ ಕೈಯನ್ನು ಮಾವ ಸರಿಯಿದ್ದ ಕೈಯಿಂದ ಹಿಡಿದು, ತೊದಲುತ್ತ, "ಅವಳನ್ನು ನೀನು..." ಎಂದಷ್ಟೇ ಹೇಳಿದರು. ಆಯಿತು ಅಂದೆ. ಬೇರೆ ಏನು ಅನ್ನುವುದು?

ಅಂದೆನೇನೋ ಸರಿ. ಇಷ್ಟು ವರ್ಷ ಅವರಿಗೆ ಉಪದೇಶ ಹೇಳಿದವಳ ಮನೆ ಹೇಗಿದೆಯೆಂದರೆ, ಮೂರನೆಯ ಮಹಡಿ, ಕಿಟಕಿಗೆಲ್ಲ ಕಬ್ಬಿಣದ ಸರಳು, ನಲ್ಲಿ ನೀರು, ಬೇಲಿಯೇ ಇಲ್ಲ, ಬೇಲಿಯಾಚೆಯ ಮನೆ ಎಲ್ಲಿಂದ ಬರಬೇಕು? ಎದುರು ಫ್ಲ್ಯಾಟಿನವರ ಹೆಸರೂ ನನಗೆ ತಿಳಿಯದು. ಬೆಳಿಗ್ಗೆ ನಾನು ಬ್ಯಾಂಕಿಗೆ ಹೋದರೆ ಬರುವುದು ಸಂಜೆ. ಅಲ್ಲಿಯವರೆಗೆ ಗುಲಾಬಿ ಅವಳ ಜೊತೆ ಕೂತಿರುತ್ತಾಳೆ. ಹೊರಗೆ ಹೋದಾಗ ಬಾಗಿಲು ಹಾಕಿಕೊಂಡು ಹೋಗುವಂತೆ ಗುಲಾಬಿಗೆ ಹೇಳಿದವಳು ನಾನೇ. ಕೆಳಗೆ ರಸ್ತೆಯಲ್ಲಿ ಲಾರಿಗಳು ಓಡಾಡುತ್ತವೆ, ಇನ್ನೇನು ಹೇಳಲಿ?

ನಿನ್ನೆ ಸಂಜೆ ಅವಳು ಬಂದಳು. ಕೂದಲು ಪೂರ್ತಿ ಬೆಳ್ಳಗೆ, ಮೈ ಊದಿಕೊಂಡಿದೆ, ಕೈ ಮೆತ್ತಗೆ. ಬಡಿಸಿದ್ದನ್ನು ಉಂಡಳು, ತೋರಿಸಿದಲ್ಲಿ ಮಲಗಿದಳು. ಇವತ್ತು ಭಾನುವಾರ, ನಾನು ಏಳುವಾಗ ತಡವಾಗಿತ್ತು. ಚಹಾ ಮಾಡಿ, ಪೇಪರು ಓದಿ, ಪಾಪ ನಿದ್ದೆ ಮಾಡಲಿ ಎಂದು ಬಿಟ್ಟಿದ್ದೆ. ಬಿಸಿಲು ಚೆನ್ನಾಗಿ ಏರಿದ ಮೇಲೆ ಅವಳ ಕೋಣೆಯ ಬಾಗಿಲು ತಳ್ಳಿದೆ. ಚಿಲಕ ಹಾಕಿರಲಿಲ್ಲ. ಅವಳು ಅಂಗಾತ ಮಲಗಿದ್ದಳು, ಕಣ್ಣು ಪೂರ್ತಿ ತೆರೆದಿತ್ತು. ಎಷ್ಟು ಹೊತ್ತಿನಿಂದ ಹಾಗಿದ್ದಳೋ. ನನ್ನನ್ನು ಕಂಡು ತಲೆ ಮಾತ್ರ ಈ ಕಡೆ ತಿರುಗಿಸಿದಳು.

"ಏಳಬಹುದಾ?" ಎಂದು ಕೇಳಿದಳು.