ಅರ್ಜಿಯ ಕೆಳಗೆ ಒಡೆಸ್ಸಾಳ ರುಜು

ಒಡೆಸ್ಸಾ ಟಿಲ್ಲರಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ದಿನಾ ಬೆಳಿಗ್ಗೆ ಚಕ್ರಗಳನ್ನು ಒಂದೊಂದಾಗಿ ಒದ್ದು ನೋಡಿ, ದೀಪ ಹಾಕಿ ಆರಿಸಿ, ಬ್ರೇಕು ತುಳಿದು ಪರೀಕ್ಷಿಸಿ ಆಮೇಲೆಯೇ ಹೊರಡುತ್ತಿದ್ದವಳು. ಇಂಥ ಹೆಂಗಸು, ಮನೆಯ ಗೋಡೆ ಒಡೆಯಲು ಕರೆದವನ ಹತ್ತಿರ 'ಲೈಸೆನ್ಸ್ ತೋರಿಸಪ್ಪಾ' ಅಂತ ಒಂದು ಮಾತು ಕೇಳಲಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಉರಿಯದೆ ಏನು? ನಾನು ಲೋರೀನ್ ಸ್ಪೈವಿ, ಅವಳ ಪಕ್ಕದ ಮನೆಯವಳು. ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಕಟ್ಟಡ ಕಚೇರಿಯಲ್ಲಿ ಪರವಾನಗಿ ಕೊಡುವ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕೂತವಳು. ಮನೆ ಕೆಲಸ ಮಾಡಿಸುವವರ ಪೆದ್ದುತನವನ್ನೆಲ್ಲ ನಾನು ಆ ಕಿಟಕಿಯಿಂದಲೇ ನೋಡಿದ್ದೇನೆ. ಅವಳು ಬೇಲಿಯಾಚೆಯಿಂದ ಒಂದು ಸಲ ಕೂಗಿದ್ದರೆ ಸಾಕಿತ್ತು. ಆದರೆ ಆ ಸೆಪ್ಟೆಂಬರಿನಲ್ಲಿ ನಾನು ಮಗಳ ಹೆರಿಗೆಗೆಂದು ದೂರದ ಟ್ಯಾಂಪಾ ನಗರಕ್ಕೆ ಹೋಗಿದ್ದೆ.

ಒಡೆಸ್ಸಾಳ ಗಂಡ ಲೂಷಿಯಸ್‌ಗೆ ಸಕ್ಕರೆ ಕಾಯಿಲೆ. ಜೂನ್ ತಿಂಗಳಲ್ಲಿ ಅವನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಗಾಯ ಮಾಗಿದ ಮೇಲೆ ನಡೆದಾಡುವುದನ್ನು ಕಲಿಸುವ ಆಸ್ಪತ್ರೆಯೊಂದರಲ್ಲಿ ಇಟ್ಟರು. ಅಲ್ಲಿಯವರು ಖಡಾಖಂಡಿತವಾಗಿ ಹೇಳಿದ್ದರು: ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಬಿಡುಗಡೆ. ಅಷ್ಟರೊಳಗೆ ಮುಂಬಾಗಿಲಿಗೆ ಇಳಿಜಾರು ದಾರಿ, ಗಾಲಿಕುರ್ಚಿ ಹಿಡಿಸುವ ಬಚ್ಚಲು, ಅದಕ್ಕೆ ಕೌಂಟಿಯ ಒಪ್ಪಿಗೆ, ಮೂರೂ ಇರಬೇಕು. ಇಲ್ಲದಿದ್ದರೆ ರಾಜ್ಯದ ಗಡಿಯಾಚೆ ಅಲಬಾಮಾದಲ್ಲಿ, ಎರಡು ಗಂಟೆ ದಾರಿಯ ಆರೈಕೆ ಮನೆಗೆ ಕಳಿಸುತ್ತಾರೆ.

"ಅಲ್ಲಿಗೆ ಹೋದೋರು ಯಾರಾದ್ರೂ ವಾಪಸ್ ಬಂದಿದ್ದು ನೋಡಿದೀಯಾ?" ಎಂದು ಲೂಷಿಯಸ್ ಅವಳನ್ನು ಕೇಳಿದನಂತೆ.

ಅಂಥ ಹೊತ್ತಿನಲ್ಲಿ, ಅವಳು ಕರೆದ ಮೇಲೆ, ಈ ಕೆಲಸ ಮಾಡಿಕೊಡಲು ರಾಯ್ಸ್ ಬಂದ. ನಮ್ಮ ಚರ್ಚಿನ ಹಿರಿಯರಾದ ಪೆಟವೇ ಅವರ ತಂಗಿಯ ಮಗ. ಲೂಷಿಯಸ್‌ನ ಕಾಲು ತೆಗೆದ ದಿನ ಮಂಚದ ಪಕ್ಕ ನಿಂತು ಪ್ರಾರ್ಥಿಸಿದವರು ಈ ಪೆಟವೇ ಅವರೇ. ನಮ್ಮಲ್ಲಿ ಚರ್ಚಿನವನು ಅಂದರೆ ಮುಗಿಯಿತು. ಅವನ ಕಾಗದಪತ್ರ ಕೇಳುವುದೆಂದರೆ ಅವನ ತಾಯಿಯ ನಡತೆಯನ್ನೇ ಕೇಳಿದ ಹಾಗೆ. ರಾಯ್ಸ್ ಅವಳ ಅಡುಗೆಮನೆಯಲ್ಲಿ ಕೂತು ಹುರಿದ ಮೀನು, ಜೋಳದ ಗಂಜಿ ಎರಡೆರಡು ಸಲ ಬಡಿಸಿಕೊಂಡ. ಊಟಕ್ಕೆ ಮುಂಚೆ ಪ್ರಾರ್ಥನೆಗೆಂದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಲೆ ಬಗ್ಗಿಸಿದ್ದನಂತೆ. ನಾನಿದ್ದಿದ್ದರೆ ಇವನು ನಾಟಕದವನು ಅಂತ ಅಲ್ಲೇ ಗೊತ್ತಾಗುತ್ತಿತ್ತು.

"ಮಿಸ್ ಒಡೆಸ್ಸಾ, ನನ್ನ ಹೆಸರಲ್ಲಿ ಪರವಾನಗಿ ಅಂದ್ರೆ ಮೂರು ವಾರ ಎಳೀತಾರೆ. ಮನೆ ಯಜಮಾನಿ ನೀವೇ ತಗೊಂಡ್ರೆ ನಾಳೆನೇ ಆಗುತ್ತೆ. ಒಂದು ರುಜು ಹಾಕಿಬಿಡಿ, ಅಷ್ಟೇ."

ತಾನೇ ಕಾರಿನಲ್ಲಿ ಕಚೇರಿಗೆ ಕರೆದುಕೊಂಡು ಹೋದ. ಅವಳ ತಲೆಯಲ್ಲಿ ತಾರೀಕು ಒಂದೇ ಇತ್ತು. ಓದದೆ ರುಜು ಹಾಕಿದಳು.

ಅಕ್ಟೋಬರ್ ನಾಲ್ಕಕ್ಕೆ ನಾನು ಊರಿಗೆ ಬಂದೆ. ಪೆಟ್ಟಿಗೆ ಕೂಡ ಇಳಿಸಿರಲಿಲ್ಲ, ಅವಳ ಮುಂದಿನ ಕಿಟಕಿಗೆ ಅಂಟಿಸಿದ್ದ ಪರವಾನಗಿ ಚೀಟಿ ಕಣ್ಣಿಗೆ ಬಿತ್ತು. ಹಳೇ ಚಟ, ಹೋಗಿ ಓದಿದೆ. ಕಂಟ್ರಾಕ್ಟರ್ ಎಂಬ ಕಡೆ 'ಮನೆಯ ಒಡೆಯರು' ಎಂದಿತ್ತು.

"ಒಡೆಸ್ಸಾ! ಏನೇ ಇದು? ನೀನು ಯಾವಾಗ ಕಂಟ್ರಾಕ್ಟರ್ ಆದೆ?"

"ಹಾಗಂದ್ರೆ?" ಎಂದಳು, ಕೈಯಲ್ಲಿ ಕಾಫಿ ಲೋಟ.

"ಹಾಗಂದ್ರೆ, ಕೆಲಸ ನಾನೇ ನಿಂತು ಮಾಡಿಸ್ತೀನಿ, ಲೈಸೆನ್ಸ್ ಇಲ್ಲದೋನನ್ನ ಕಂಟ್ರಾಕ್ಟರ್ ಮಾಡ್ಕೊಳ್ಳಲ್ಲ ಅಂತ ಬರ್ಕೊಟ್ಟಿದೀಯ. ಏನೇ ಎಡವಟ್ಟಾದ್ರೂ ನಿನ್ನ ತಲೆಗೇ. ರಾಯ್ಸ್‌ಗೆ ಲೈಸೆನ್ಸ್ ಇದೆಯೇನೇ?"

ಲೋಟ ಕೆಳಗಿಟ್ಟಳು. "ಪೆಟವೇ ಅವರ ಸೋದರಳಿಯ ಕಣೇ ಅವನು."

"ಅದೇನು ಲೈಸೆನ್ಸ್ ನಂಬರಾ?"

ಬೈಯಬಾರದಿತ್ತು. ಒಳಗೆ ಹೋಗಿ ನೋಡಿದರೆ ಬಚ್ಚಲಿನ ಗೋಡೆ ಒಡೆದಿತ್ತು, ನೆಲ ಅಗೆದಿತ್ತು, ಕೊಳವೆಗಳು ಬಾಯಿ ತೆರೆದುಕೊಂಡು ನಿಂತಿದ್ದವು. ರಾಜ್ಯದ ಲೈಸೆನ್ಸ್ ಪಟ್ಟಿಯನ್ನು ನನ್ನ ಫೋನಿನಲ್ಲೇ ತೆಗೆದು ಹುಡುಕಿದೆವು. ರಾಯ್ಸ್‌ನ ಹೆಸರು ಎಲ್ಲೂ ಇರಲಿಲ್ಲ.

ಎರಡು ದಿನಕ್ಕೆ ಕೌಂಟಿಯ ಇನ್‌ಸ್ಪೆಕ್ಟರ್ ಬಂದ. ಕೊಳಚೆ ಕೊಳವೆಗೆ ಸರಿಯಾದ ಇಳಿಜಾರಿಲ್ಲ, ಭಾರ ಹೊರುವ ಒಂದು ತೊಲೆಯನ್ನೇ ಅರ್ಧ ಕೊಯ್ದಿದ್ದಾರೆ ಎಂದು ಹೇಳಿ, ಕೆಲಸ ನಿಲ್ಲಿಸಿ ಎಂಬ ಕೆಂಪು ಚೀಟಿಯನ್ನು ಬಾಗಿಲಿಗೆ ಅಂಟಿಸಿ ಹೋದ. ರಾಯ್ಸ್‌ಗೆ ಫೋನ್ ಮಾಡಿದರೆ ಒಂದೇ ಸಲ ಎತ್ತಿದ. "ಮಿಸ್ ಒಡೆಸ್ಸಾ, ಕಾಗದದಲ್ಲಿ ನನ್ನ ಹೆಸರೆಲ್ಲಿದೆ?" ಅಂದ. ಆಮೇಲೆ ಎತ್ತಲೇ ಇಲ್ಲ. ಹಾಳಾಗಿ ಹೋಗಲಿ ಅವನು!

ಇನ್ನು ಹದಿನೆಂಟು ದಿನ. ಈ ಸಲ ಪಟ್ಟಿ ನೋಡಿಯೇ ಲೈಸೆನ್ಸ್ ಇರುವ ಕಂಟ್ರಾಕ್ಟರುಗಳಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದೆವು. ಇನ್ನೊಬ್ಬ ಕೆಡಿಸಿದ ಕೆಲಸಕ್ಕೆ ಕೈ ಹಾಕುವುದಿಲ್ಲ ಅಂದರು ಕೆಲವರು. ಜನವರಿಯಲ್ಲಿ ನೋಡೋಣ ಅಂದರು ಇನ್ನು ಕೆಲವರು. ಒಡೆಸ್ಸಾ ನಿದ್ದೆ ಬಿಟ್ಟಳು, ಊಟ ಬಿಟ್ಟಳು. ದಿನಾ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಗಂಡನ ಮುಂದೆ ನಗುನಗುತ್ತಾ ಕೂತು, ಹೊರಗೆ ಬಂದು ಕಾರಿನಲ್ಲಿ ಉಳಿದ ದಿನ ಎಣಿಸುತ್ತಿದ್ದಳು. ಅವನಿಗೆ ಏನೂ ಹೇಳಿರಲಿಲ್ಲ.

ಮೂರನೆಯ ದಿನ ಆಶ್‌ಕ್ರಾಫ್ಟ್ ಎಂಬ ಕಂಟ್ರಾಕ್ಟರ್ ಬಂದ. ಸಿಡುಕು ಮುಖ, ಬಿಳಿ ಗಡ್ಡ. ಒಡೆಸ್ಸಾ ಬಾಗಿಲಲ್ಲೇ ಕೈ ಅಡ್ಡ ಹಿಡಿದು ಲೈಸೆನ್ಸ್ ತೋರಿಸಿ ಎಂದಳು, ವಿಮೆಯ ಕಾಗದವೂ ಬೇಕು ಎಂದಳು. ಒಂದೊಂದು ಅಂಕಿಯನ್ನೂ ಬೆರಳಿಟ್ಟು ಪಟ್ಟಿಯ ಜೊತೆ ತಾಳೆ ನೋಡಿದಳು. ಆತ ಬೇಸರ ಮಾಡಿಕೊಳ್ಳದೆ ನಿಂತಿದ್ದ. ಆಮೇಲೆ ಒಳಗೆ ಹೋಗಿ ಟಾರ್ಚು ಬಿಟ್ಟು ನೆಲದಡಿ ನೋಡಿ ಎದ್ದ.

"ಆಗುತ್ತೆ, ಮೇಡಂ. ಮಳೆ ಬರದಿದ್ರೆ ಹತ್ತು ದಿನ. ಆದ್ರೆ ಆ ಕೆಂಪು ಚೀಟಿ ತೆಗೆಯೋವರೆಗೂ ನಾನು ಒಂದು ಮೊಳೆ ಹೊಡೆಯಲ್ಲ. ಕಂಟ್ರಾಕ್ಟರ್ ಬದಲಾಯಿಸ್ತೀನಿ ಅಂತ ನೀವೇ ಕಚೇರಿಗೆ ಬರ್ಕೊಡಬೇಕು. ಮೊದಲು ಯಾರು ಮಾಡಿದ್ರು ಅಂತ ಕೇಳ್ತಾರೆ. ನಿಜ ಹೇಳ್ಬೇಕು."

ರಾಯ್ಸ್‌ನ ಹೆಸರು ಬರೆದರೆ ಅವನ ಮೇಲೆ ಕೇಸು. ಜೊತೆಗೆ, ತಾನು ಸುಳ್ಳು ಕಾಗದಕ್ಕೆ ರುಜು ಹಾಕಿದೆನೆಂದು ಅವಳೂ ಒಪ್ಪಿಕೊಂಡ ಹಾಗೆ. ಸುದ್ದಿ ಹೇಗೆ ತಲುಪಿತೋ, ಸಂಜೆಗೆ ಪೆಟವೇ ಅವರೇ ಬಂದರು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದರು.

"ಸಿಸ್ಟರ್ ಒಡೆಸ್ಸಾ, ಹುಡುಗ ತಪ್ಪು ಮಾಡಿದಾನೆ, ಇಲ್ಲ ಅನ್ನಲ್ಲ. ನಮ್ಮ ನಮ್ಮಲ್ಲೇ ಮುಗಿಸ್ಕೊಳ್ಳೋಣ. ಕೋರ್ಟು ಕಚೇರಿ ಅಂತ ಹೋದ್ರೆ ಅವನ ಬಾಳು ಹಾಳಾಗುತ್ತಮ್ಮಾ. ನಾಳೆ ಬರೆಯೋದು ಬೇಡ. ಪ್ರಾರ್ಥನೆ ಮಾಡೋಣ, ದಾರಿ ಕಾಣುತ್ತೆ."

ಒಡೆಸ್ಸಾ ಎಲ್ಲಿ ಹೂಂ ಅಂದುಬಿಡುತ್ತಾಳೋ ಎಂದು ನನಗೆ ದಿಗಿಲಾಯಿತು. ನಲವತ್ತು ವರ್ಷದಿಂದ ಆ ಮನುಷ್ಯನ ಮಾತಿಗೆ ಎದುರಾಡಿದವಳಲ್ಲ.

"ಪ್ರಾರ್ಥನೆ ಮಾಡಿ, ಹಿರಿಯರೇ," ಅಂದಳು. "ನಾನೂ ಮಾಡ್ತೀನಿ. ಬರೀತಾ ಬರೀತಾ ಮಾಡ್ತೀನಿ. ಆ ಆರೈಕೆ ಮನೆಗೆ ಹೋದ್ರೆ ನನ್ನ ಗಂಡ ಬದುಕಲ್ಲ."

ಅವರು ಟೋಪಿ ಹಾಕಿಕೊಂಡು ಹೊರಟರು.

ಮಾರನೆಯ ದಿನ ನನ್ನದೇ ಹಳೇ ಕಿಟಕಿಯ ಮುಂದೆ ನಿಂತು ಅವಳು ಎಲ್ಲ ಬರೆದಳು. ಪ್ರತಿ ಸಾಲನ್ನೂ ಎರಡೆರಡು ಸಲ ಓದಿ ರುಜು ಹಾಕಿದಳು. ದಂಡ ಹಾಕಿದರು, ಕಟ್ಟಿದಳು; ಕೆಂಪು ಚೀಟಿ ತೆಗೆದರು. ಆ ಭಾನುವಾರ ಚರ್ಚಿನಲ್ಲಿ ಅವಳು ಕೂತ ಬೆಂಚಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಕೂರಲಿಲ್ಲ. ಯಾವಾಗಲೂ ಮನೆತನಕ ಬಂದು ಸಿಹಿಗೆಣಸಿನ ಕಡುಬು ಕೊಡುವವರು ಕೂಡ ಮುಖ ತಿರುಗಿಸಿಕೊಂಡು ಹೋದರು. ನನಗೆ ಕೆಟ್ಟ ಕೋಪ ಬಂತು. ಅವಳು ನನ್ನ ಕೈ ಅದುಮಿ, "ಬಿಡು, ದಿನ ಎಷ್ಟು ಉಳೀತು ಹೇಳು," ಎಂದಳು.

ಆಶ್‌ಕ್ರಾಫ್ಟ್ ತೊಲೆ ಬದಲಾಯಿಸಿದ, ಕೊಳವೆ ಕಿತ್ತು ಹೊಸದಾಗಿ ಹಾಕಿದ. ಮಧ್ಯೆ ಮೂರು ದಿನ ಮಳೆ ಹೊಡೆಯಿತು. ಇಳಿಜಾರಿಗೆ ಸುರಿದ ಕಾಂಕ್ರೀಟು ಒಣಗುತ್ತದೋ ಇಲ್ಲವೋ ಎಂದು ಒಡೆಸ್ಸಾ ಗಂಟೆಗೊಮ್ಮೆ ಟಾರ್ಪಾಲು ಎತ್ತಿ ನೋಡುವಳು. "ಮೇಡಂ, ನೀವು ನೋಡಿದ ಹಾಗೆಲ್ಲ ಅದು ಬೇಗ ಒಣಗಲ್ಲ," ಎಂದು ಅವನು ಗದರಿದ. ಇಪ್ಪತ್ತಮೂರರ ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್ ಬಂದ. ಖಾಲಿ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಬಚ್ಚಲೊಳಗೆ ಹೋದ, ತಿರುಗಿಸಿದ, ಹೊರಗೆ ತಂದ, ಮತ್ತೆ ಒಳಗೆ ಹೋದ. ನಾವಿಬ್ಬರೂ ಅಡುಗೆಮನೆಯಲ್ಲಿ ಕೈ ಕೈ ಹಿಡಿದು ನಿಂತಿದ್ದೆವು. ಹೊರಗೆ ಬಂದವನು ಜೇಬಿನಿಂದ ಒಪ್ಪಿಗೆಯ ಹಸಿರು ಚೀಟಿ ತೆಗೆದ.

ಮಾರನೆಯ ದಿನ ಆಸ್ಪತ್ರೆಯ ವ್ಯಾನು ಲೂಷಿಯಸ್‌ನನ್ನು ಇಳಿಸಿತು. ಯಾರನ್ನೂ ಹತ್ತಿರ ಬಿಡದೆ ತಾನೇ ಚಕ್ರ ತಿರುಗಿಸಿಕೊಂಡು ಇಳಿಜಾರು ಹತ್ತಿದ. ಮನೆಯೊಳಗೆ ಬಂದವನು ಊಟ ಬೇಡ, ಕಾಫಿ ಬೇಡ ಎಂದು ನೇರ ಬಚ್ಚಲಿಗೆ ಹೋದ. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಒಡೆಸ್ಸಾ ಗಾಬರಿಯಾಗಿ ಓಡಿದಳು. "ಲೂಷಿಯಸ್! ಚಿಲಕ ತೆಗಿ! ಬಿದ್ದುಗಿದ್ದೀಯ!"

"ನಾಲ್ಕು ತಿಂಗಳಾಯ್ತು ಕಣೇ, ಒಬ್ಬನೇ ಬಾಗಿಲು ಹಾಕ್ಕೊಂಡು ಕೂತು," ಎಂದ ಅವನು ಒಳಗಿನಿಂದ. "ದಿನಾ ಯಾರೋ ಒಬ್ರು ಎದುರಿಗೆ ನಿಂತಿರ್ತಿದ್ರು. ಸ್ವಲ್ಪ ಹೊತ್ತು ನನ್ನ ಪಾಡಿಗೆ ಬಿಡು."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಬಾಯಿಗೆ ಅಂಗೈ ಅಡ್ಡ ಒತ್ತಿಕೊಂಡು, ಒಳಗಿದ್ದವನಿಗೆ ಕೇಳಿಸದ ಹಾಗೆ ಅತ್ತಳು.