ಪಾಲಾಕ್ಷನ ಕಾಲು ಕಿಲೋ ಬಟ್ಟಲು

ಹಗರಿಬೊಮ್ಮನಹಳ್ಳಿಯ ರೈಲು ನಿಲ್ದಾಣದ ರಸ್ತೆಯಲ್ಲಿ ಪಾಲಾಕ್ಷನ ಖಾನಾವಳಿ ಇದೆ. ಅವನಪ್ಪ ಅಜ್ಜಯ್ಯ ಅದನ್ನು ನಡೆಸುತ್ತಿದ್ದ ಕಾಲದಲ್ಲಿ, ರೊಟ್ಟಿಗೆ ಪಲ್ಯ ಹಾಕುವ ಕೈ ನಿಲ್ಲುತ್ತಿದ್ದುದು ಉಣ್ಣುವವರು ‘ಸಾಕು’ ಅಂದಾಗ ಮಾತ್ರ. ಅಪ್ಪ ಸತ್ತದ್ದೇ ತಡ, ಮಗ ಆ ರೂಢಿಯನ್ನು ಕಿತ್ತುಹಾಕಿದ. ತಾಟಿನಲ್ಲಿ ಒಂದು ಸ್ಟೀಲ್ ಬಟ್ಟಲು ಬಂದು ಕೂತಿತು. ಎರಡನೆಯ ಸಲ ಕೇಳಿದರೆ ಇವನು ಕಿವುಡ. ಒಮ್ಮೆ ನಾವು ತಾಲೂಕು ಕಚೇರಿಯ ಮುಂದೆ ಧರಣಿ ಕೂತಿದ್ದಾಗ ನಮ್ಮ ಪೆಂಡಾಲಿಗೆ ಒಂದು ಬೋಗುಣಿ ಹಳಸಲು ಪಲ್ಯ ಕಳಿಸಿ, ಹೋರಾಟಕ್ಕೆ ಅನ್ನ ಹಾಕಿದವನು ತಾನೇ ಎಂದು ಊರೆಲ್ಲ ಸಾರಿಕೊಂಡು ತಿರುಗಿದ. ಅಂಥ ಪ್ರಾಣಿ.

ಮನೆಯ ಕಾರ್ಯಗಳಿಗೆ ಜನ ಕಿಲೋ ಲೆಕ್ಕದಲ್ಲಿ ಪಲ್ಯ ಒಯ್ಯತೊಡಗಿದರು. ಪ್ರತಿಸಲ ಯಾರು ತೂಗಬೇಕು? ಪಾಲಾಕ್ಷ ಬೆಂದ ಕುಂಬಳಕಾಯಿಯನ್ನು ಆ ಬಟ್ಟಲಿಗೆ ಒತ್ತಿ ತುಂಬಿ ಒಂದೇ ಸಲ ತೂಗಿದ. ಕಾಲು ಕಿಲೋ ಬಂತು. ‘ಯಾವುದೇ ಪಲ್ಯ, ಒಂದು ಬಟ್ಟಲು ಕಾಲು ಕಿಲೋ’ ಎಂದು ಗೋಡೆಗೆ ಬೋರ್ಡು ಬರೆಸಿದ. ನೀರುಂಡ ಕುಂಬಳ ತೂಗುತ್ತದೆ. ಹೆಸರುಬೇಳೆ ಹಾಕಿ ಉದುರುದುರಾಗಿ ಹುರಿದ ಮೆಂತ್ಯದ ಸೊಪ್ಪು ತೂಗುತ್ತದೆಯೇ? ಅದೇ ಬಟ್ಟಲಿಗೆ ಅರ್ಧ ತೂಕವೂ ಬಾರದು. ಕೋಗಳಿಯ ಭೀಮರಾಜ ಒಂದು ಕಿಲೋ ಸೊಪ್ಪಿನ ಪಲ್ಯ ಒಯ್ದು ತಕ್ಕಡಿಗಿಟ್ಟು ನೋಡಿ, ವಾಪಸು ಬಂದು ಜಗಳ ತೆಗೆದ.

ಪಾಲಾಕ್ಷ ಗೋಡೆ ತೋರಿಸಿದ. “ಬೋರ್ಡ್ ಓದಾಕ ಬರತೈತೋ ಇಲ್ಲೋ ನಿನಗ?”

ಮೋಸಗಾರನಿಗೆ ತನ್ನ ಮೋಸ ಗೊತ್ತಿರುತ್ತದೆ. ಇವನಿಗೆ ಅಷ್ಟೂ ಬುದ್ಧಿಯಿರಲಿಲ್ಲ. ತಾನು ಬರೆಸಿದ್ದನ್ನು ತಾನೇ ನಂಬಿದ.

ಮಗಳು ಸುಮಲತಾಳ ನಿಶ್ಚಿತಾರ್ಥ ಬಂತು. ಗಂಡಿನವರು ಮಾಗಳದವರು, ಹೊಳೆದಂಡೆಯ ರೈತರು. ಮದುವೆಯ ಊಟವೂ ತನ್ನ ಕೈಯಲ್ಲೇ ಆಗಬೇಕು, ಸುತ್ತಿನ ಊರುಗಳಲ್ಲಿ ತನ್ನ ಹೆಸರು ಓಡಾಡಬೇಕು ಎಂಬುದೊಂದೇ ಅವನ ಹಂಬಲ. ಅದಕ್ಕೇ ನಿಶ್ಚಿತಾರ್ಥವನ್ನು ಖಾನಾವಳಿಯಲ್ಲೇ ಇಟ್ಟುಕೊಂಡ. ತಲೆಗಿಷ್ಟು ಎಂದು ಕಿಲೋ ಲೆಕ್ಕ ಹಾಕಿ, ಬೆಂದ ಮೆಂತ್ಯದ ಪಲ್ಯವನ್ನು ಬಟ್ಟಲಲ್ಲಿ ಅಳೆದು, ಕಿಲೋಗೆ ನಾಲ್ಕು ಬಟ್ಟಲು ಹಿಡಿದು, ಸಾಕಾಯಿತು ಎಂದು ಒಲೆ ಆರಿಸಿದ.

ಬೀಗರ ಪಂಕ್ತಿಯ ನಡುವಿಗೆ ಬರುವಷ್ಟರಲ್ಲಿ ಬೋಗುಣಿಯ ತಳ ಸೌಟಿಗೆ ತಾಗಿತು. ಎಲ್ಲರ ಎಲೆಯೂ ತುಂಬದೆ ಯಾರೂ ತುತ್ತು ಎತ್ತುವಂತಿಲ್ಲ. ಮಾಗಳದವರು ಕೈಕಟ್ಟಿ ಕೂತರು. ರೊಟ್ಟಿ ಆರುತ್ತಿತ್ತು.

ಬಡಿಸುವವರ ಮೇಲೆ ಪಾಲಾಕ್ಷ ಹರಿಹಾಯ್ದ. ಕಿಲೋ ಸರಿಯಾಗಿಯೇ ಇದೆಯಂತೆ, ಇವರೇ ಕೈಬಿಚ್ಚಿ ಸುರಿದರಂತೆ.

ಗಂಡಿನ ಸೋದರತ್ತೆ ನಾಗಲಿಂಗಮ್ಮ ತಲೆಯೆತ್ತಿ ಬೋರ್ಡು ಓದಿದಳು. “ಕಿಲೋ ಗೋಡಿ ಮ್ಯಾಲ ಇರ್ಲಿ ಬೀಗರ. ಎಲಿಗೆ ಏನು ಹಾಕ್ತೀರಿ, ಅದನ್ನ ಹೇಳ್ರಿ.”

ಪಂಕ್ತಿಯೇ ನಕ್ಕಿತು. ಕೊನೆಗೆ ಪಾಲಾಕ್ಷ ಎದುರಿನ ಖಾನಾವಳಿಯಿಂದ ಬದನೆಕಾಯಿ ಪಲ್ಯ ತರಿಸಿ ಮಾನ ಮುಚ್ಚಿಕೊಂಡ. ಎದ್ದು ಹೊರಡುವಾಗ ನಾಗಲಿಂಗಮ್ಮ ಮಾತು ಮುಗಿಸಿದಳು. “ಹುಡುಗಿ ಒಪ್ಪಿಗಿ ಐತ್ರಿ. ಲಗ್ನದ ಅಡಗಿ ಮಾತ್ರ ಮಾಗಳದಾಗ, ನಮ್ಮ ಮನ್ಯಾಗ.”

ಹಾಗೆಯೇ ಆಯಿತು. ಮಗಳ ಮದುವೆಯಲ್ಲಿ ಪಾಲಾಕ್ಷ ಸೌಟಿಲ್ಲದೆ ಬರಿಗೈಯಲ್ಲಿ ಪಂಕ್ತಿಗೆ ಕೂತ. ಅಲ್ಲಿ ಬಟ್ಟಲಿರಲಿಲ್ಲ, ನಾಗಲಿಂಗಮ್ಮನೇ ಬೋಗುಣಿ ಹಿಡಿದು ಬಂದು ಮೆಂತ್ಯದ ಪಲ್ಯ ಹಾಕಿದಳು, ಮತ್ತೆ ಬಂದಳು, ಮತ್ತೂ ಬಂದಳು. ಆ ನಾಚಿಕೆಗೆಟ್ಟವನು ಕೊನೆಯವರೆಗೂ ‘ಸಾಕು’ ಅನ್ನಲಿಲ್ಲ.